ನಮ್ಮ ಪಾಲಿನ ಮೆಟ್ಟಿಲು

ನನ್ನ ಅಕ್ಕ ಮೂವತ್ತೊಂದು ವರ್ಷ ವಿಧಾನಸಭೆಯ ಒಳಗೆ ಕೂತಳು, ಒಂದು ದಿನವೂ ಬಾಯಿ ಬಿಡಲಿಲ್ಲ. ಬಾಯಿ ಬಿಡೋಕೆ ಅಲ್ಲಿ ಬೇರೆಯವರಿದ್ದರು. ಅವರು ಆಡಿದ್ದನ್ನೆಲ್ಲ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡು, ಆಮೇಲೆ ಟೈಪು ಮಾಡಿ ಕೊಡೋದು ಅವಳ ಕೆಲಸ. ಆಫೀಸಿನಲ್ಲಿ ಅವಳಿಗೆ ‘ಮೌನಗೌರಿ’ ಅಂತ ಹೆಸರಿಟ್ಟಿದ್ದರು. ಅದಕ್ಕೂ ಅವಳು ತುಟಿ ಪಿಟಕ್ ಅನ್ನಲಿಲ್ಲ.

ಅಲ್ಲಿ ಒಬ್ಬೊಬ್ಬರಿಗೆ ಹತ್ತು ನಿಮಿಷದ ಪಾಳಿ. ಮುಂದಿನವರು ಅರ್ಧ ನಿಮಿಷ ಮೊದಲೇ ಬಂದು ಪಕ್ಕದಲ್ಲಿ ಕೂರಬೇಕು. ಆ ಅರ್ಧ ನಿಮಿಷ ಇಬ್ಬರೂ ಬರೆಯುತ್ತಾರೆ, ಎದ್ದು ಕೂರುವ ಗಡಿಬಿಡಿಯಲ್ಲಿ ಒಂದು ಮಾತೂ ತಪ್ಪಿಹೋಗಬಾರದು ಅಂತ. ಆಮೇಲೆ ಎದ್ದುಹೋದವರು ತಮ್ಮ ಪುಸ್ತಕದಲ್ಲಿ ಆ ಅರ್ಧ ನಿಮಿಷದ ಮೇಲೆ ಗೆರೆ ಎಳೆದುಬಿಡಬೇಕು. ಅಕ್ಕ ಎಷ್ಟು ಸಾವಿರ ಗೆರೆ ಎಳೆದಿದ್ದಾಳೋ ಅವಳಿಗೇ ಗೊತ್ತಿಲ್ಲ.

ಭಾವನ ವಿಷಯ ಹೇಳದೆ ಮುಂದಕ್ಕೆ ಹೋಗೋ ಹಾಗಿಲ್ಲ. ನಮ್ಮ ಬೀದಿ ರೈಲು ಹಳಿಯ ಈಚೆ, ಆಸ್ಪತ್ರೆ ಆಚೆ. ನನ್ನ ಹೊಲಿಗೆ ಅಂಗಡಿ ರೈಲ್ವೆ ಗೇಟಿನ ಪಕ್ಕದಲ್ಲೇ. ಒಂದು ಬೆಳಿಗ್ಗೆ ಭಾವನಿಗೆ ಎದೆನೋವು ಬಂತು. ಆಟೋದಲ್ಲಿ ಕೂರಿಸಿಕೊಂಡು ಬಂದರೆ ಗೇಟು ಹಾಕಿತ್ತು. ಒಂದರ ಹಿಂದೆ ಒಂದು ಎರಡು ಗೂಡ್ಸ್ ಗಾಡಿ. ಆಸ್ಪತ್ರೆಯ ಬೋರ್ಡು ಎದುರಿಗೇ ಕಾಣುತ್ತಿತ್ತು. ಮೇಲೊಂದು ಕಾಲುಸೇತುವೆ ಇದ್ದಿದ್ದರೆ ನಾಲ್ಕು ಜನ ಕುರ್ಚಿಯಲ್ಲಿ ಹೊತ್ತುಕೊಂಡು ದಾಟಿಸಿಬಿಡುತ್ತಿದ್ದೆವು. ಗೇಟು ತೆಗೆಯೋ ಹೊತ್ತಿಗೆ ಭಾವ ಅಕ್ಕನ ಭುಜದ ಮೇಲೇ ಹೋಗಿಬಿಟ್ಟಿದ್ದರು.

ಕಾಲುಸೇತುವೆ ಬೇಕು ಅಂತ ಬೀದಿಯವರೆಲ್ಲ ಸಹಿ ಹಾಕಿ ಅರ್ಜಿ ಕೊಟ್ಟೆವು. ರಾಜ್ಯದವರು ಹಳಿ ಕೇಂದ್ರದ್ದು ಅಂದರು. ಕೇಂದ್ರದವರು ರಸ್ತೆ ರಾಜ್ಯದ್ದು ಅಂದರು. ನಾಲ್ಕು ವರ್ಷ ಇದೇ ಹಾಡು. ಸತ್ತವರು ಯಾರವರು ಅಂತ ಮಾತ್ರ ಇಬ್ಬರೂ ಕೇಳಲಿಲ್ಲ. ಓಟು ಕೇಳೋಕೆ ಬಂದಾಗ ಇಬ್ಬರಿಗೂ ನಾವು ಬೇಕು, ಥೂ ಇವರ!

ಅಕ್ಕ ನಿವೃತ್ತಿ ಆಗೋ ಮುಂಚಿನ ಕೊನೆಯ ಅಧಿವೇಶನ. ಪ್ರಶ್ನೋತ್ತರದ ಹೊತ್ತಿನಲ್ಲಿ ನಮ್ಮ ಶಾಸಕರು ಎದ್ದು ಸೇತುವೆ ಏನಾಯ್ತು ಅಂತ ಕೇಳಿದರು. ಮಂತ್ರಿಗಳು ಎಂದಿನಂತೆ ಹಳಿ ಕೇಂದ್ರದ್ದು ಅಂತ ಶುರುಮಾಡಿದರು. ಶಾಸಕರು ಪಟ್ಟು ಬಿಡಲಿಲ್ಲ. ಅಕ್ಕನ ಪಾಳಿ ಮುಗಿಯುತ್ತಾ ಬಂದಿತ್ತು, ಮುಂದಿನ ಪಾಳಿಯ ಕನ್ನಡಕದವರು ಬಂದು ಪಕ್ಕದಲ್ಲಿ ಕೂತಿದ್ದರು. ಆಗ ಮಂತ್ರಿಗಳು ರೇಗಿಕೊಂಡು ಅಂದರು: “ನಮ್ಮ ಪಾಲಿನ ಕೆಲಸವನ್ನು ಈ ವರ್ಷದೊಳಗೆ ಮುಗಿಸುತ್ತೇವೆ, ಸಾಕೇನ್ರೀ?” ಅಕ್ಕ ಬರೆದುಕೊಂಡಳು. ಕನ್ನಡಕದವರೂ ಬರೆದುಕೊಂಡರು.

ಟೈಪಾದ ಹಾಳೆ ಸಂಜೆ ಮಂತ್ರಿಗಳ ಕೋಣೆಗೆ ಹೋಗುತ್ತದೆ. ಬಾಯಿ ತಪ್ಪಿ ಬಂದ ಸಣ್ಣಪುಟ್ಟದ್ದನ್ನು ತಿದ್ದಬಹುದು, ಅರ್ಥ ಬದಲಾಯಿಸೋ ಹಾಗಿಲ್ಲ. ಹಾಳೆ ವಾಪಸ್ ಬಂದಾಗ ‘ಈ ವರ್ಷದೊಳಗೆ ಮುಗಿಸುತ್ತೇವೆ’ ಹೊಡೆದುಹಾಕಿ ‘ಪರಿಶೀಲಿಸುತ್ತೇವೆ’ ಅಂತ ಬರೆದಿತ್ತು. ಆ ಅರ್ಧ ನಿಮಿಷ ಲೆಕ್ಕಕ್ಕೆ ಕನ್ನಡಕದವರ ಪಾಳಿಯದ್ದು, ಅವರು ತಲೆ ತಗ್ಗಿಸಿ ಸಹಿ ಹಾಕಿಕೊಟ್ಟರು.

ಆದರೆ ಅಕ್ಕ ತನ್ನ ಪುಸ್ತಕದಲ್ಲಿ ಗೆರೆ ಎಳೆದಿರಲಿಲ್ಲ. ಆ ಅರ್ಧ ನಿಮಿಷದ ಮೇಲೆ ಎಳೆಯೋಕೆ ಕೈಯೇ ಬರಲಿಲ್ಲವಂತೆ. ಮೂವತ್ತೊಂದು ವರ್ಷದಲ್ಲಿ ಅವಳು ಮಾಡಿದ್ದು ಇದೊಂದೇ ತಪ್ಪು. ವಿಭಾಗದ ಮುಖ್ಯಸ್ಥರು ಕರೆದು ನಯವಾಗಿ ಅಂದರು: “ಇನ್ನು ಹನ್ನೊಂದು ದಿನ ಇದೆ ನಿಮಗೆ. ಸುಮ್ಮನೆ ಒಂದು ಗೆರೆ ಎಳೆದುಬಿಡಿ ತಾಯಿ. ಪೆನ್ಶನ್ ಫೈಲು ನನ್ನ ಮೇಜಿನ ಮೇಲೇ ಇದೆ.”

ಅಕ್ಕ ಪುಸ್ತಕವನ್ನು ಸೆರಗಿನಡಿ ಇಟ್ಟುಕೊಂಡು ಸೀದಾ ಸ್ಪೀಕರ್ ಕೋಣೆಗೆ ಹೋದಳು. ಸ್ಪೀಕರ್ ಕನ್ನಡಕದವರನ್ನೂ ಕರೆಸಿ, ಇಬ್ಬರ ಕೈಲೂ ಬೇರೆಬೇರೆಯಾಗಿ ಓದಿಸಿದರು. ಒಂದಕ್ಷರ ಹೆಚ್ಚುಕಮ್ಮಿ ಇಲ್ಲದೆ ತಾಳೆಯಾಯಿತು. ಮಾತು ನಡಾವಳಿಯಲ್ಲಿ ಹಾಗೇ ಅಚ್ಚಾಗಬೇಕು ಅಂತ ಸ್ಪೀಕರ್ ಹೇಳಿದರು. ಅಲ್ಲಿಂದ ಅದು ಭರವಸೆಗಳ ಸಮಿತಿಗೆ ಹೋಯಿತು. ಸಭೆಯಲ್ಲಿ ಮಂತ್ರಿಗಳು ಮಾಡುತ್ತೇವೆ ಅಂದದ್ದು ಮುಗಿಯೋವರೆಗೂ ಬೆನ್ನು ಬಿಡದೆ ಕೇಳೋ ಸಮಿತಿ ಅದು. ಅಂಥದ್ದೊಂದು ಇದೆ ಅಂತ ನನಗೆ ಗೊತ್ತಾಗಿದ್ದೇ ಆಗ. ಅಕ್ಕನ ಪೆನ್ಶನ್ ಮಾತ್ರ ಏಳು ತಿಂಗಳು ತಡವಾಯಿತು, ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಅಂತೂ ಕೆಲಸ ಶುರುವಾಯಿತು. ನಾನು ಮೆಷಿನ್ ತುಳಿಯುತ್ತಲೇ ನೋಡುತ್ತಿದ್ದೆ. ಈಚೆ ಮೆಟ್ಟಿಲು ಎದ್ದಿತು, ಆಚೆಯೂ ಎದ್ದಿತು. ಮೆಟ್ಟಿಲ ಪಕ್ಕದ ಕಂಬಿಗೆ ಹಳದಿ ಬಣ್ಣ ಬಳಿದರು. ಅಕ್ಕ ದಿನಾ ಸಾಯಂಕಾಲ ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂತು ನೋಡಿಕೊಂಡು ಹೋಗುತ್ತಿದ್ದಳು. ಭಾವ ಹೋದಮೇಲೆ ಅವಳ ಮುಖದಲ್ಲಿ ಕಳೆ ಕಂಡದ್ದು ಆ ತಿಂಗಳುಗಳಲ್ಲೇ.

ವರ್ಷದ ಕೊನೆಯ ವಾರ ಕೆಲಸದವರು ಸಾಮಾನೆಲ್ಲ ಲಾರಿಗೆ ತುಂಬಿಕೊಂಡು ಹೊರಟರು. ನಡುವಿನ ಸೇತುವೆ ಇಲ್ಲ. ಎರಡು ಕಡೆ ಮೆಟ್ಟಿಲು, ಮಧ್ಯೆ ಬರೀ ಗಾಳಿ. ಇಂಜಿನಿಯರನ್ನು ತಡೆದು ಕೇಳಿದೆ. ಹಳಿಯ ಮೇಲಿನ ಭಾಗ ಕೇಂದ್ರದ್ದು, ಅವರು ಒಪ್ಪಿಗೆ ಕೊಟ್ಟಿಲ್ಲ, ನಮ್ಮದು ಮುಗೀತು ಅಂದ. ಆಮೇಲೆ ರೈಲ್ವೆ ಆಫೀಸಿಗೂ ಹೋದೆ. ರಾಜ್ಯದವರ ಅರ್ಜಿ ಸರಿಯಾದ ನಮೂನೆಯಲ್ಲಿಲ್ಲ ಅಂತ ವಾಪಸ್ ಕಳಿಸಿದ್ದರಂತೆ. ಸಮಿತಿಯ ವರದಿಯಲ್ಲಿ ನಮ್ಮ ಗೇಟಿನ ಹೆಸರಿನ ಮುಂದೆ ‘ಭರವಸೆ ಈಡೇರಿದೆ’ ಅಂತ ಅಚ್ಚಾಯಿತು. ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಈಡೇರಿದೆಯಂತೆ! ಬಂದು ಅವರೇ ಒಂದು ಸಲ ದಾಟಿ ತೋರಿಸಲಿ.

ವರದಿಯನ್ನು ಅಕ್ಕನ ಮುಂದೆ ಕುಕ್ಕಿದೆ. ಅವಳು ಓದಿ, ಮಡಿಸಿಟ್ಟು, ಮೆಟ್ಟಿಲು ಹತ್ತತೊಡಗಿದಳು. ನಾನೂ ಹಿಂದೆಯೇ ಬೈಯುತ್ತಾ ಹತ್ತಿದೆ. ಮೇಲೆ ಯಾರೂ ಬೀಳದಿರಲಿ ಅಂತ ಹಲಗೆ ಅಡ್ಡ ಹೊಡೆದಿದ್ದರು. ಆಚೆ ಕಡೆಯ ಮೆಟ್ಟಿಲು, ಅದರ ಹಿಂದೆ ಆಸ್ಪತ್ರೆಯ ಬೋರ್ಡು, ಎಲ್ಲ ಅಲ್ಲೇ ಇತ್ತು. ಅಕ್ಕ ಹಲಗೆಯ ಮೇಲೆ ಕೈಯಿಟ್ಟು ನಿಂತಳು.

“ಅವರು ಅಂದಿದ್ದು ಅದೇ ಕಣೇ,” ಅಂದಳು. “ನಮ್ಮ ಪಾಲಿನ ಕೆಲಸ ಅಂತ. ನಾನು ಸರಿಯಾಗೇ ಬರ್ಕೊಂಡಿದ್ದೆ.”

ಕೆಳಗೆ ಗೇಟು ಬಿತ್ತು. ಒಂದು ಆಟೋ ಬಂದು ನಿಂತು ಇಂಜಿನ್ ಆರಿಸಿತು. ನಾವಿಬ್ಬರೂ ಹತ್ತಿದ ಕಡೆಯಿಂದಲೇ ಇಳಿದೆವು.