ನಮಸ್ತೆ ಮಾಡುವ ನಾಯಿ

ನಮ್ಮ ಲ್ಯಾಬ್ರಡಾರ್ ನಾಯಿಗೆ ಹತ್ತು ತುಂಬಿದ ವರ್ಷ ಹಿಂಗಾಲಿನ ಕೀಲುಗಳಲ್ಲಿ ಸಂಧಿವಾತ ಕಾಣಿಸಿಕೊಂಡಿತು. ಸಿಡ್ನಿಯ ನಮ್ಮ ಸಬರ್ಬ್‌ನ ಪಶುವೈದ್ಯೆ ವ್ಯಾಯಾಮ ಹೇಳಿಕೊಟ್ಟರು. ಬೆಳಿಗ್ಗೆ, ಸಂಜೆ ಹುಲ್ಲಿನ ಮೇಲೆ ಹತ್ತು ನಿಮಿಷ ನಿಧಾನವಾಗಿ ನಡೆಸಬೇಕು. ನೆಲದ ಮೇಲಿಟ್ಟ ಕೋಲನ್ನು ಒಂದೊಂದೇ ಕಾಲೆತ್ತಿ ದಾಟಿಸಬೇಕು. ಚೆಂಡು ಎಸೆಯಬಾರದು. ಹಿಂಗಾಲ ಮೇಲಂತೂ ನಿಲ್ಲಿಸಲೇಬಾರದು.

ನಾನು ಬಲು ಶಿಸ್ತಿನವನೆಂದು ನನಗೇ ಜಂಬ. ನಾರ್ವೆಸ್ಟ್ ಬಡಾವಣೆಯ ಆಫೀಸಿನಿಂದ ಬಂದವನು ಶೂ ಬಿಚ್ಚುವ ಮೊದಲೇ ಅದನ್ನು ಪಾರ್ಕಿಗೆ ಕರೆದೊಯ್ಯುತ್ತಿದ್ದೆ. ಕೊನೆಯ ಮಾತೊಂದನ್ನು ಮಾತ್ರ ಪಾಲಿಸಲಿಲ್ಲ.

ಮರಿಯಾಗಿದ್ದಾಗಲೇ ಅದಕ್ಕೆ ನಮಸ್ತೆ ಕಲಿಸಿದ್ದೆ. ಯಾರಾದರೂ ಕೈ ಜೋಡಿಸಿದರೆ ಸಾಕು, ಹಿಂಗಾಲ ಮೇಲೆ ಎದ್ದು ಮುಂಗಾಲು ಕೂಡಿಸುತ್ತಿತ್ತು. ನಾನು ಜೇಬಿನಿಂದ ಬಿಸ್ಕತ್ತು ಕೊಡುತ್ತಿದ್ದೆ. ಭಾನುವಾರ ಊಟಕ್ಕೆ ಬಂದ ಹುಬ್ಬಳ್ಳಿ ಕಡೆಯ ಗೆಳೆಯರು, "ನಮ್ಮ ಹುಡುಗ್ರಿಗಿಂತ ಇದಕ್ಕ ಸಂಸ್ಕಾರ ಭಾಳ ಐತಿ ನೋಡಪಾ" ಎಂದರೆ ನಾನು ಉಬ್ಬಿಹೋಗುತ್ತಿದ್ದೆ.

"ಅಪ್ಪಾ, ಸ್ಟಾಪ್ ಇಟ್, ಪ್ಲೀಸ್" ಎನ್ನುತ್ತಿದ್ದಳು ಒಂಬತ್ತು ವರ್ಷದ ಮಗಳು.

"ಒಂದ್ ಸೆಕೆಂಡಿಗೆ ಏನಾಗ್ತೈತಿ ಬಿಡು" ಎನ್ನುತ್ತಿದ್ದೆ ನಾನು.

ಮೂರು ತಿಂಗಳ ಬಳಿಕ ಮಗಳೊಂದಿಗೆ ತಪಾಸಣೆಗೆ ಹೋದೆ. ನಾಯಿಯ ನಡಿಗೆ ಸುಧಾರಿಸುವ ಬದಲು ಇನ್ನಷ್ಟು ಕೆಟ್ಟಿತ್ತು. ಹೇಳಿದ್ದನ್ನೆಲ್ಲ ಮಾಡುತ್ತಿದ್ದೀರಾ ಎಂದು ವೈದ್ಯೆ ಕೇಳಿದರು. ಒಂದನ್ನೂ ಬಿಟ್ಟಿಲ್ಲ ಎಂದೆ. ಅಷ್ಟರಲ್ಲಿ ಒಳಗೆ ಬಂದ ನರ್ಸ್ ನಮ್ಮನ್ನು ಕಂಡು, ಆಸ್ಟ್ರೇಲಿಯದವಳಾದರೂ, ಪ್ರೀತಿಯಿಂದ ಕೈ ಜೋಡಿಸಿ "ನಮಸ್ತೆ" ಎಂದಳು.

ಮೂಲೆಯಲ್ಲಿ ಮಲಗಿದ್ದ ನಾಯಿ ಎದ್ದಿತು. ಗಡಗಡ ನಡುಗುತ್ತ ಹಿಂಗಾಲ ಮೇಲೆ ನಿಂತು, ಕುಂಯ್‌ಗುಡುತ್ತಲೇ ಮುಂಗಾಲು ಕೂಡಿಸಿ, ಪಕ್ಕಕ್ಕೆ ಕುಸಿಯಿತು.

ಇದನ್ನು ಈಗಲೂ ಯಾರು ಮಾಡಿಸುತ್ತಿದ್ದಾರೆ ಎಂದು ವೈದ್ಯೆ ಕೇಳಿದರು.

"ಮಗಳು. ಎಷ್ಟು ಹೇಳಿದರೂ ಕೇಳುವುದಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಹೇಗೆ ಬಾಯಿ ಬಂತೋ, ಇವತ್ತಿಗೂ ತಿಳಿಯದು.

ಮಗಳು ನನ್ನ ಮುಖ ನೋಡಿದಳು. ವೈದ್ಯೆಯ ಕಡೆ ತಿರುಗಿ ಮೆಲ್ಲಗೆ "ಸಾರಿ" ಎಂದಳು. ನನಗೆ ನಾಚಿಕೆಯಾಯಿತು. ಆದರೂ ತಿದ್ದಿ ಹೇಳಲಿಲ್ಲ.

ನಾಯಿ ತೆವಳಿಕೊಂಡು ಬಂತು. ಮಗಳ ಬಳಿಗಲ್ಲ, ನನ್ನ ಬಳಿಗೆ. ಬಿಸ್ಕತ್ತಿಗಾಗಿ ನನ್ನ ಜೇಬಿಗೆ ಮೂತಿ ಒತ್ತಿತು. ವೈದ್ಯೆ ಅದನ್ನು ನೋಡುತ್ತ ನಿಂತಿದ್ದರು.