ಉಡಿ ತುಂಬಿಕೊಂಡ ರಾಣಿ

ಬೈಲಹೊಂಗಲದಲ್ಲಿ ಅರಳೆಯ ಕಾಲ ಬಂತೆಂದರೆ ಗಾಳಿಯಲ್ಲಿ ಸದಾ ಬಿಳಿಯದೇನೋ ತೇಲುತ್ತಿರುತ್ತದೆ. ಜಿನ್ನಿಂಗ್ ಫ್ಯಾಕ್ಟರಿಗೆ ಹೋಗುವ ಚಕ್ಕಡಿಗಳಿಂದ ಹಾರಿದ ಎಳೆಗಳು ಬೇಲಿಗೆ, ತಂತಿಗೆ, ಹೆಣ್ಣುಮಕ್ಕಳ ಶಾಲೆಯ ಕಿಟಕಿಯ ಸರಳುಗಳಿಗೆ ಸಿಕ್ಕಿಕೊಂಡು ಅಲ್ಲೇ ನಡುಗುತ್ತಿರುತ್ತವೆ. ಆ ಶಾಲೆಯಲ್ಲಿ ನಾನು ಕಳೆದ ದಿನಗಳನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಈ ಎಳೆಗಳು. ಆಮೇಲೆ, ಅವುಗಳ ನಡುವಿನಿಂದ ನಡೆದು ಬರುವ, ಸೀರೆಯುಟ್ಟ ಡ್ರಾಯಿಂಗ್ ಮಾಸ್ತರರು.

ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದು ಅಲ್ಲಿ ಕನ್ನಡ ಕಲಿಸುತ್ತಿದ್ದೆ. ಕೈಯಲ್ಲಿ ಪುಸ್ತಕವಿಲ್ಲದೆ ನಾಲ್ಕು ಜನರ ಮುಂದೆ ನಿಲ್ಲುವುದು ನನಗೆ ಆಗುತ್ತಿರಲಿಲ್ಲ. ಅಂಥವಳು ಆ ವರ್ಷದ ಗ್ಯಾದರಿಂಗಿನ, ಎಂದರೆ ಶಾಲೆಯ ವಾರ್ಷಿಕೋತ್ಸವದ, ನಾಟಕದಲ್ಲಿ ರಾಜನಾದೆ.

ನಾಟಕ ಹಳೆಯದು, ಈ ಸೀಮೆಯ ಅಜ್ಜಿಯರಿಗೂ ಗೊತ್ತಿದ್ದದ್ದು. ರಾಜ ಜನರ ಮಾತಿಗೆ ಕಿವಿಗೊಟ್ಟು ತುಂಬಿದ ಸಭೆಯಲ್ಲಿ ರಾಣಿಯನ್ನು ಅರಮನೆಯಿಂದ ಹೊರಗೆ ಕಳಿಸುತ್ತಾನೆ; ಕೊನೆಗೆ ತಾನೇ ಕಾಡಿಗೆ ಹೋಗಿ ಕರೆತರುತ್ತಾನೆ. ಶಿಕ್ಷಕರಲ್ಲಿ ಗಂಡಸೆಂದರೆ ಡ್ರಾಯಿಂಗ್ ಮಾಸ್ತರರೊಬ್ಬರೇ. ಐವತ್ತು ದಾಟಿದವರು. ಅವರೇ ರಾಜನೆಂದು ಎಲ್ಲರೂ ಅಂದುಕೊಂಡಿದ್ದೆವು.

"ರಾಜಂದು ಒಂದು ಮಾತೂ ಬರಂಗಿಲ್ರಿ ನನಗ," ಎಂದರು ಮಾಸ್ತರರು. "ರಾಣಿದು ಅಷ್ಟೂ ಬಾಯಾಗ ಐತಿ."

ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಹುಡುಗರಾಗಿದ್ದಾಗ ಅವರು ಒಂದು ನಾಟಕದ ಮಂಡಳಿಯಲ್ಲಿದ್ದರಂತೆ. ಸವದತ್ತಿ, ರಾಮದುರ್ಗ, ತೊರಗಲ್ಲಿನ ಕೋಟೆಯ ಕೆಳಗಿನ ಬಯಲು, ಎಲ್ಲ ಕಡೆ ಇದೇ ರಾಣಿ. ಆಮೇಲೆ ಹೆಣ್ಣುಮಕ್ಕಳೇ ಪಾತ್ರ ಮಾಡಲು ಬಂದರು, ಇವರು ಮನೆಗೆ ಬಂದರು, ಡ್ರಾಯಿಂಗ್ ಪರೀಕ್ಷೆ ಕಟ್ಟಿದರು. ಮದುವೆಯಾದ ಮೇಲೆ ಬಣ್ಣ ಮುಟ್ಟಿರಲಿಲ್ಲ. ಒಂದೇ ಒಂದು ಸಲ, ಇನ್ನೊಮ್ಮೆ ಆ ಪಾತ್ರ ಮಾಡಬೇಕೆಂಬ ಆಸೆ ಅವರಿಗಿತ್ತು. ಹೆಂಡತಿ ಒಪ್ಪಿದ್ದರು, ಒಂದು ಕರಾರಿನ ಮೇಲೆ.

"ಜನಾ ನಕ್ರಂದ್ರ ಮುಂದಿನ ಮಾತ ಆಡಬಾರದಂತ. ಅಲ್ಲೇ ಸೀರಿ ಬಿಚ್ಚಿಟ್ಟು ಮನಿಗೆ ಬರಬೇಕಂತ. ಇದ್ದ ಊರಾಗ ನಗೆಪಾಟಲಾದ್ರ ನಾಳೆ ಆ ಹುಡಿಗ್ಯಾರ ಮುಂದ ಹೆಂಗ ನಿಂದರ್ತೀರಿ ಅಂತಾಳ. ಖರೇನೂ ಐತಿ."

ನನ್ನ ಎತ್ತರ ನೋಡಿ ಅವರೇ ನನ್ನನ್ನು ರಾಜನೆಂದು ಆರಿಸಿದರು. ಮನೆಯಲ್ಲಿ ಹೇಳಿದಾಗ ಅವ್ವ, "ಮೀಸಿ ಒಂದು ಕಡಿಮಿ ಇತ್ತು ನೋಡು ನಿನಗ," ಎಂದಳು. ಪುರಾಣ ಹೇಳಿ ಬದುಕಿದ ಮನೆತನ ನಮ್ಮದು. ಅಪ್ಪ ಪಂಚಾಂಗದಿಂದ ತಲೆ ಎತ್ತದೆ, "ಆಗಲಿ ಬಿಡು, ದನಿಯರೆ ಗಟ್ಟಿ ಆಗ್ತದ," ಎಂದರು.

ಆದರೆ ಕಷ್ಟವಾದದ್ದು ದನಿಯಲ್ಲ. ಶಾಲೆ ಬಿಟ್ಟ ಮೇಲೆ ಚಿತ್ರದ ಕೋಣೆಯಲ್ಲಿ ತಾಲೀಮು ನಡೆಯುತ್ತಿತ್ತು. ಮಾಸ್ತರರು ಪಂಚೆಯ ಮೇಲೆ ಒಂದು ಟಾವೆಲನ್ನು ಸೆರಗಿನಂತೆ ಹೊದ್ದು, ಸೀಮೆಸುಣ್ಣ ಮೆತ್ತಿದ ಬೆರಳುಗಳಿಂದ ಅದರ ಅಂಚನ್ನು ಹಿಡಿದು ನನ್ನೆದುರು ನಿಂತರೆ ನನ್ನ ಕಣ್ಣು ತಾನಾಗಿ ನೆಲಕ್ಕೆ ಬೀಳುತ್ತಿತ್ತು. ಒಂದು ದಿನ ಅವರು ಮಾತು ನಿಲ್ಲಿಸಿದರು.

"ಅಕ್ಕಾರ, ನೀವು ನನ್ನನ್ನ ರಾಣಿ ಅಂತ ನೋಡಿದ್ರ ಜನಾನೂ ಹಂಗ ನೋಡ್ತಾರ್ರಿ. ನೀವು ಕಣ್ಣ ತಗದ್ರ ನಾ ಬರೇ ಸೀರಿ ಉಟ್ಟ ಮುದುಕ. ನನ್ನ ಮಾನ ನಿಮ್ಮ ಕಣ್ಣಾಗ ಐತಿ."

ಅಂದಿನಿಂದ ನಾನು ನೋಡುವುದನ್ನು ಕಲಿಯತೊಡಗಿದೆ. ಹಾಲಿನವಳ ಕಣ್ಣು ನೋಡಿದೆ, ಅಪ್ಪನ ಕಣ್ಣು ನೋಡಿದೆ. ಕಿರೀಟ ತರಲು ಕಿತ್ತೂರಿಗೆ ಹೋದ ದಿನ ಬಸ್ಸಿನ ಕಂಡಕ್ಟರನನ್ನು ಎವೆಯಿಕ್ಕದೆ ನೋಡಿದಾಗ ಅವನು ಟಿಕೆಟ್ ಹರಿಯುವುದನ್ನು ಬಿಟ್ಟು, "ನಾ ಏನ್ ತಪ್ಪ ಮಾಡೀನ್ರಿ ಅಕ್ಕಾರ?" ಎಂದ.

ಗ್ಯಾದರಿಂಗ್ ಮಧ್ಯಾಹ್ನದ ಇಳಿಬಿಸಿಲಿನಲ್ಲಿ, ಶಾಲೆಯ ಅಂಗಳದಲ್ಲಿ. ಬೆಂಚುಗಳನ್ನು ಜೋಡಿಸಿ ಮೇಲೆ ಜಮಖಾನೆ ಹಾಸಿದ ರಂಗ. ಮುಂದೆ ಊರಿನ ಹಿರಿಯರಿಗೆ ಕುರ್ಚಿ, ಹಿಂದೆ ನೆಲದ ಮೇಲೆ ತಾಯಂದಿರು, ಅಜ್ಜಿಯರು. ರಂಗದ ಹಿಂದಿನ ಕೋಣೆಯಲ್ಲಿ ಮಾಸ್ತರರ ಹೆಂಡತಿ ತಮ್ಮ ಮದುವೆಯ ಇಳಕಲ್ಲ ಸೀರೆಯನ್ನು ಗಂಡನಿಗೆ ಉಡಿಸಿದರು, ನಿರಿಗೆ ಹಿಡಿದು. ಹೊರಗೆ ಬಂದು ಕೂತುಕೊಳ್ಳಿರೆಂದರೆ ಒಲ್ಲೆ ಎಂದರು. "ನಕ್ಕದ್ದು ಕೇಳಿದ್ರ ಸಾಕ್ರಿ. ನೋಡೂದೇನೈತಿ?"

ನಾನು ಸಿಂಹಾಸನದಲ್ಲಿ ಕೂತಿದ್ದೆ. ರಾಣಿ ಬಂದಳು. ಕುರ್ಚಿಗಳ ಸಾಲಿನಿಂದ ಒಂದು ನಗೆ ಎದ್ದಿತು, ಅದರ ಹಿಂದೆ ಇನ್ನೊಂದು. ಮಾಸ್ತರರ ತುಟಿ ತೆರೆದದ್ದು ಹಾಗೇ ನಿಂತಿತು. ನನ್ನ ಕಣ್ಣು ಜಮಖಾನೆಯ ಹೂವಿನತ್ತ ಜಾರುತ್ತಿತ್ತು, ಹಿಡಿದು ನಿಲ್ಲಿಸಿದೆ. ಕಾಡಿಗೆ ಹಚ್ಚಿದ ಆ ಕಣ್ಣುಗಳನ್ನು ನೋಡಿದೆ. ಅವುಗಳಲ್ಲಿ ಒಬ್ಬ ಹೆಣ್ಣುಮಗಳು ಹೆದರಿ ನಿಂತಿದ್ದಳು. ಎಷ್ಟು ಹೊತ್ತು ನೋಡಿದೆನೋ ತಿಳಿಯದು. ನಮ್ಮಿಬ್ಬರ ನಡುವೆ ಅರಳೆಯ ಎಳೆಯೊಂದು ಬಿಸಿಲಿನಲ್ಲಿ ಮೆಲ್ಲಗೆ ಇಳಿಯುತ್ತಿತ್ತು. ಅದು ನೆಲ ಮುಟ್ಟುವಷ್ಟರಲ್ಲಿ ನಗೆ ಎಲ್ಲೋ ನಿಂತುಹೋಗಿತ್ತು. ರಾಣಿ ಮಾತಾಡಿದಳು. ಆ ದನಿ ಮಾಸ್ತರರದ್ದಾಗಿರಲಿಲ್ಲ.

ಆಮೇಲಿನದು ನಾನು ನೀರಿನೊಳಗಿನಿಂದ ಕಂಡಂತಿದೆ. ಸಭೆಯ ದೃಶ್ಯ ಬಂತು. ಅರಮನೆ ಬಿಟ್ಟು ಹೋಗೆಂದು ನಾನು ಹೇಳಿದೆ. ರಾಣಿ ನಮಸ್ಕರಿಸಿ ಬಾಗಿಲಿನತ್ತ ತಿರುಗಿದಳು. ಆಗ ಹಿಂದಿನಿಂದ ಒಂದು ದನಿ:

"ತಡೀ, ತಡೀಯವಾ!"

ಹಣೆ ತುಂಬ ಕುಂಕುಮವಿದ್ದ ಅಜ್ಜಿಯೊಬ್ಬಳು ಜನರನ್ನು ಸರಿಸಿಕೊಂಡು ಬರುತ್ತಿದ್ದಳು. ನೇಸರಗಿಯಿಂದ ಬೆಳಗಿನ ಬಸ್ಸಿಗೆ ಬಂದವಳು, ನಮ್ಮ ವಿದ್ಯಾರ್ಥಿನಿಯೊಬ್ಬಳ ಅಜ್ಜಿ. ಬಸುರಿ ಮಗಳ ಉಡಿ ತುಂಬಲೆಂದು ತಂದ ಚೀಲ ಕಂಕುಳಲ್ಲೇ ಇತ್ತು. ಬೆಂಚಿನ ಮೇಲೆ ಕಾಲಿಟ್ಟು ರಂಗಕ್ಕೇ ಹತ್ತಿದಳು. ಮೊದಲು ನನ್ನ ಕಡೆ ತಿರುಗಿದಳು.

"ಎಂಥಾ ರಾಜ ಅದೀಯೋ! ಆಟ ಅಂತ ನನಗೂ ಗೊತ್ತೈತಿ. ಆಟದಾಗರೆ ಮುತ್ತೈದಿನ್ನ ಬರೇ ಉಡೀಲೆ ಹೊರಗ ಹಾಕ್ತಾರೇನು?"

ಮನೆಯಿಂದ ಹೊರಡುವ ಹೆಣ್ಣುಮಗಳ ಉಡಿಗೆ, ಒಡ್ಡಿದ ಸೆರಗಿನ ಮಡಿಲಿಗೆ, ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ ಹಾಕಿ ಕಳಿಸದೆ ನಮ್ಮ ಕಡೆ ಯಾರೂ ಇರುವುದಿಲ್ಲ. ಅಜ್ಜಿ ಕುಂಕುಮ ಹಚ್ಚಲು ಕೈ ಎತ್ತಿದಳು. ಬಣ್ಣದ ಕೆಳಗಿನ ಗಡ್ಡದ ಹಸಿರು ಅಷ್ಟು ಹತ್ತಿರದಿಂದ ಅವಳಿಗೆ ಕಂಡಿರಲೇಬೇಕು; ಬೆರಳು ಗಾಳಿಯಲ್ಲಿ ನಿಂತಿತು. ಸಭೆಯೆಲ್ಲ ಆ ಬೆರಳನ್ನೇ ನೋಡುತ್ತಿತ್ತು. ಈಗ ನಗೆ ಬಂದರೆ ಮುಗಿಯಿತು. ಬರೆದ ನಾಟಕದಲ್ಲಿ ನನಗೆ ಅಲ್ಲಿ ಮಾತಿರಲಿಲ್ಲ. ಸಿಂಹಾಸನದಿಂದ ಎದ್ದು, ಹಿರಿಯರು ಬಂದಾಗ ಮನೆಯಲ್ಲಿ ನಿಲ್ಲುವಂತೆ ನಿಂತೆ.

ಅಜ್ಜಿ ನನ್ನನ್ನೊಮ್ಮೆ ನೋಡಿದಳು. ಆಮೇಲೆ ಬೆರಳು ಮುಂದೆ ಹೋಗಿ ಹಣೆಗೆ ಒತ್ತಿತು. "ಉಡಿ ಒಡ್ಡವಾ, ತಾಯಿ."

ಮಾಸ್ತರರು ಎರಡೂ ಕೈಯಿಂದ ಸೆರಗು ಒಡ್ಡಿದರು. ಅಕ್ಕಿ ಬೀಳುವ ಸದ್ದು ಅಂಗಳದ ಕೊನೆಯವರೆಗೂ ಕೇಳಿಸಿತು. ತಾಯಂದಿರ ಸಾಲಿನಲ್ಲಿ ಯಾರೋ ಬಿಕ್ಕಿದರು. ಕೊನೆಯ ಅಂಕಕ್ಕೆ ರಾಣಿ ಬಿಳಿ ಸೀರೆ ಉಡಬೇಕಿತ್ತು, ಉಡಲಿಲ್ಲ. ಉಡಿ ಕಟ್ಟಿಕೊಂಡೇ ಕಾಡಿನಲ್ಲಿ ನಡೆದಳು, ಉಡಿ ಕಟ್ಟಿಕೊಂಡವಳನ್ನೇ ನಾನು ಹುಡುಕಿ ಕರೆತಂದೆ.

ನಾಟಕ ಮುಗಿದು ಒಳಗೆ ಬಂದ ಗಂಡನನ್ನು ಹೆಂಡತಿ ಮೇಲಿಂದ ಕೆಳಗೆ ನೋಡಿದರು. ಅವರು ಸೀರೆಗೆ ಕೈ ಹಾಕುವಷ್ಟರಲ್ಲಿ, "ಬಿಚ್ಚಬ್ಯಾಡ್ರಿ," ಎಂದರು. "ತುಂಬಿದ ಉಡಿ ದೇವರ ಮುಂದ ಬಿಡಬೇಕು. ಹಂಗ ಮನಿಗೆ ನಡೀರಿ."

"ಹಿಂಗ? ಬಜಾರದಾಗ ಹಾದು?"

"ಹಿಂಗ. ನಾ ಮುಂದ ಹೋಗಿ ದೀಪಾ ಹಚ್ಚತೇನಿ. ಅಕ್ಕಾರ, ನೀವೂ ಬರ್ರಿ. ಹೊರಗ ಹಾಕಿದವರು ನೀವ, ಮನಿ ಮುಟ್ಟಸೂದೂ ನೀವ."

ಹೀಗೆ ಕಿರೀಟ, ಮೀಸೆಯ ಸಮೇತ ನಾನೂ, ಉಡಿ ಹಿಡಿದುಕೊಂಡು ಮಾಸ್ತರರೂ ಮುಚ್ಚಂಜೆಯ ಬಜಾರದಲ್ಲಿ ನಡೆದೆವು. ಸಿಂಪಿಗರ ಹೊಲಿಗೆ ಮಶೀನು ನಿಂತಿತು. ನಳದ ಹತ್ತಿರ ಕೊಡ ಹಿಡಿದವಳೊಬ್ಬಳು ಮಕ್ಕಳನ್ನು ಗದರಿಸಿದಳು: "ಉಡಿ ತುಂಬ್ಯಾರ, ದಾರಿ ಬಿಡ್ರೋ." ಮಾಸ್ತರರು ರಾಣಿಯ ನಡಿಗೆಯನ್ನು ಬಿಟ್ಟಿರಲಿಲ್ಲ. ನಾನೂ ಯಾಕೋ ತಲೆ ತಗ್ಗಿಸಲಿಲ್ಲ.

ಹೊಸ್ತಿಲಲ್ಲಿ ಹೆಂಡತಿ ರೊಟ್ಟಿಯ ಚೂರು, ತಂಬಿಗೆ ನೀರು ಹಿಡಿದು ನಿಂತಿದ್ದರು. ಇಬ್ಬರಿಗೂ ದೃಷ್ಟಿ ನಿವಾಳಿಸಿ ಒಳಗೆ ಕರೆದರು. ದೇವರ ಮುಂದೆ ಮಾಸ್ತರರು ಉಡಿ ಬಿಟ್ಟರು.

"ಮೊದಲಿಗೆ ನಕ್ಕದ್ದು ಕೇಳಿಸ್ತು ನನಗ," ಎಂದರು ಹೆಂಡತಿ, ಅಕ್ಕಿಯನ್ನು ಮೊರಕ್ಕೆ ಸರಿಸುತ್ತ.

"ಮತ್ತ ಕರೀಲಿಲ್ಲ?"

"ಎದ್ದಿದ್ದೆ. ಅಷ್ಟರಾಗ ನಗಿ ನಿಂತಿತು. ಯಾಕ ನಿಂತಿತು ಅಂತ ಬಾಗಲ ಸಂದ್ಯಾಗಿಂದ ಹಣಿಕಿ ಹಾಕಿದೆ." ಮೊರವನ್ನು ದೇವರ ಮುಂದಿಟ್ಟು, "ಆಮ್ಯಾಲ ನಾ ಕುಂತ ಇಲ್ಲ," ಎಂದರು.

ಮಾಸ್ತರರು ಸೆರಗಿನಿಂದ ಮುಖ ಒರೆಸಿಕೊಂಡರು. ಅರ್ಧ ಬಣ್ಣ ಇಳಕಲ್ಲ ಸೆರಗಿಗೆ ಹತ್ತಿತು. ಹೆಂಡತಿ ಬೈಯಲಿಲ್ಲ.

ನಾನು ಹೊರಡಲು ಎದ್ದೆ. "ಮೀಸಿ ತಗೀರಿ ಅಕ್ಕಾರ, ಕುಂಕುಮಾ ಹಚ್ಚತೇನಿ," ಎಂದರು ಹೆಂಡತಿ. ಎಳೆದರೆ ಅಂಟು ಬಿಡಲಿಲ್ಲ. ಇರಲಿ ಬಿಡ್ರಿ ಎಂದು ಅವರೇ ನನ್ನ ಕಿರೀಟವನ್ನು ಹಿಂದೆ ಸರಿಸಿ, ಮೀಸೆಯಿದ್ದಂತೆಯೇ ಹಣೆಗೆ ಕುಂಕುಮ ಹಚ್ಚಿದರು.