ಎಲ್ಲರ ಕಡೆಯವರು
ಡಾಕ್ಟರೇಟಿಗೆ ಅಂತ ಮಾನಸಗಂಗೋತ್ರಿಯಿಂದ ಬಂದ ಗುರುಸಿದ್ದಯ್ಯನವರು ನಮ್ಮ ಜೈಲಿನ ಗೋಡೆಗೆ ಸೈಕಲ್ ಒರಗಿಸಿದರೆ ಅವತ್ತು ಭಾನುವಾರ. ಕೈದಿಗಳು ಜೈಲಿನಲ್ಲಿ ಹೇಗೆ ತಿದ್ದಿಕೊಳ್ಳುತ್ತಾರೆ ಅನ್ನುವುದು ಅವರ ಸಂಶೋಧನೆ. ಕೈದಿಗಳ ಜೊತೆ ಇದ್ದೂ ಇದ್ದೂ ಇವರೂ ಅವರಂತೆಯೇ, ವಾರ್ಡರಾದ ನಾನು ಬಾಗಿಲು ತೆರೆದರೂ "ಬನ್ನಿ" ಅನ್ನುವವರೆಗೆ ಕೈಕಟ್ಟಿ ನಿಂತಿರುತ್ತಾರೆ. ಭೇಟಿಯ ದಿನ ಯಾರಿಗೆ ನೆಂಟರು ಬಂದಿದ್ದಾರೋ ಆ ಕೈದಿಯ ಹೆಸರನ್ನು ನಾನು ಅಂಗಳಕ್ಕೆಲ್ಲ ಕೇಳುವಂತೆ ಕೂಗಬೇಕು. ಕೆಲವರ ಹೆಸರನ್ನು ಕೂಗಿದ್ದೇ ಇಲ್ಲ. ಅದನ್ನು ಕಂಡ ಮೇಲೆ ಇವರು ಪ್ರಶ್ನೆ ಕೇಳುವುದನ್ನು ಬಿಟ್ಟು ನೆಂಟರ ಸಾಲಿನಲ್ಲಿ ನಿಲ್ಲತೊಡಗಿದರು. "ಇವತ್ತು ಯಾರ ಕಡೆಯೋರು ಸ್ವಾಮಿ?" ಅಂದರೆ, "ಬೆಟ್ಟಯ್ಯನ ಅಳಿಯ ಕಣ್ರೀ, ಕೂಗಿ" ಅನ್ನುತ್ತಾರೆ. ಇವರಿಗೆ ಮದುವೆಯಾಗಿಲ್ಲ. ಒಂದು ವಾರ ಮರಿಸ್ವಾಮಿಯ ಚಿಕ್ಕಪ್ಪನೂ ಆಗಿದ್ದರು. ಮರಿಸ್ವಾಮಿಯ ತಲೆ ಪೂರ್ತಿ ನರೆತಿದೆ. ಪ್ರಬಂಧ ಮುಗಿದರೆ ಇವರು ಬರುವುದು ನಿಲ್ಲುತ್ತದೆ ಎಂದು ಒಳಗಿನವರಿಗೆ ಅಂಜಿಕೆ. ಮೊನ್ನೆ ಬೆಟ್ಟಯ್ಯ ಸರಳು ಹಿಡಿದು ಕೇಳಿಯೇಬಿಟ್ಟ: "ಅಳಿಯಂದ್ರೇ, ಬರ್ದು ಮುಗಿಸ್ಬುಟ್ರಾ?" "ಎಲ್ಲಿ ಮಾವ, ಅರ್ಧಾನೂ ಆಗಿಲ್ಲ" ಅಂದರು ಇವರು. "ನಿಧಾನಕ್ಕೇ ಬರೀರಿ, ಏನ್ ಅವಸರ" ಅಂದ ಬೆಟ್ಟಯ್ಯ. ಇವರಿಗೆ ಡಾಕ್ಟರೇಟ್ ಬಂದು ವರ್ಷವಾಗುತ್ತಾ ಬಂತು. ಅದು ಬಂದ ದಿನ ತಂದ ಮೈಸೂರುಪಾಕನ್ನು ಗೇಟಿನ ಹೊರಗೇ ನಿಂತು ನನಗೊಬ್ಬನಿಗೆ ಕೊಟ್ಟು, ಬಾಯಿ ಒರೆಸಿಕೊಂಡು ಒಳಗೆ ಹೋಗಲು ಹೇಳಿದ್ದರು.